ಮಾವನಿಗೆ ಕೆಲಸ ಹೇಳುವ ಬಗೆ

ಕಡವಿನಲ್ಲಿ

ನನ್ನ ವಾರಗೆಯವರೆಲ್ಲ ಸಿಂಗಪುರ, ದುಬೈ ಎಂದು ಹೊರದೇಶ ನೋಡಿ ಬಂದಿದ್ದಾರೆ. ನಾನು ನೋಡಿದ ಹೊರದೇಶ ಕಬಿನಿ ಹೊಳೆಯ ಆಚೆ ದಡದಲ್ಲಿದೆ. ಬೈರಕುಪ್ಪೆಯಲ್ಲಿ ದೋಣಿ ಹತ್ತಿದರೆ, ಬಾಯಿಗೆ ಹಾಕಿಕೊಂಡ ಎಲೆಯಡಿಕೆ ಮುಗಿಯುವುದರೊಳಗೆ ಮರಕ್ಕಡವು ಬಂದುಬಿಡುತ್ತದೆ. ಈಚೆಗೆ ಕರ್ನಾಟಕ, ಆಚೆಗೆ ಕೇರಳದ ವಯನಾಡು. ಪಾಸ್‌ಪೋರ್ಟು ಕೇಳುವವರಿಲ್ಲ. ಆದರೂ ಇಳಿದ ಮೇಲೆ ಬೋರ್ಡು ಓದಲು ಬರುವುದಿಲ್ಲ, ಚಹಾ ಎಂದರೆ ಹಾಲಿಲ್ಲದ್ದೂ ಬರಬಹುದು, ಕುಡಿಯುವ ನೀರು ಗುಲಾಬಿ ಬಣ್ಣಕ್ಕಿರುತ್ತದೆ. ಹೊರದೇಶ ಅನ್ನಿಸಿಕೊಳ್ಳಲು ಇಷ್ಟು ಸಾಕು ಎಂದು ನನ್ನ ಲೆಕ್ಕ.

ನಾನು ಮೈಸೂರಿನ ಹೋಟೆಲೊಂದರಲ್ಲಿ ಹೌಸ್‌ಕೀಪಿಂಗ್ ನೋಡಿಕೊಂಡು ನಿವೃತ್ತಳಾದವಳು. ಅಂದರೆ ಜನ ಎದ್ದು ಹೋದ ಮೇಲೆ ಅವರ ಹಾಸಿಗೆ, ಬಚ್ಚಲು, ಟವೆಲು ನೋಡುತ್ತಾ ಆಯುಷ್ಯ ಕಳೆದವಳು. ಮನುಷ್ಯರ ಬಗ್ಗೆ ನನಗೆ ಹೆಚ್ಚು ಭ್ರಮೆ ಉಳಿದಿಲ್ಲ, ಹಾಗಂತ ಸಿಟ್ಟೂ ಇಲ್ಲ. ಅದೇ ಹೋಟೆಲಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ವರ್ಗೀಸ್ ಈಗ ಪುಲ್ಪಳ್ಳಿಯ ಹತ್ತಿರ ಕಾಫಿ ತೋಟದೊಳಗೆ ಕಾಟೇಜುಗಳನ್ನು ಕಟ್ಟಿಸಿ ಸಣ್ಣ ರಿಸಾರ್ಟು ನಡೆಸುತ್ತಾನೆ. ‘ಒಂದು ವಾರ ಬಂದಿರಿ, ನಮ್ಮ ಪಿಳ್ಳೇರಿಗೆ ನಾಲ್ಕು ಮಾತು ಕಲಿಸಿ’ ಎಂದು ಫೋನು ಮಾಡಿದ್ದ. ಅವನ ಬಾಯಲ್ಲಿ ಕೆಲಸದವರೆಲ್ಲ ಪಿಳ್ಳೇರು, ಅಂದರೆ ಮಕ್ಕಳು. ಅದರಲ್ಲಿ ಅರ್ಧ ಜನಕ್ಕೆ ಮೊಮ್ಮಕ್ಕಳಿದ್ದಾರೆ ಎನ್ನುವುದು ಆಮೇಲೆ ಗೊತ್ತಾಯಿತು.

ದೋಣಿಯಿಂದ ಇಳಿಯುವಾಗ ನನ್ನ ಒಂದು ಚಪ್ಪಲಿ ಕೆಸರಿನಲ್ಲೇ ಉಳಿದುಹೋಯಿತು. ದಡದಲ್ಲಿ ಕಾಯುತ್ತಿದ್ದ ಒಬ್ಬ ಮುದುಕರು ಮುಂಡು ಎತ್ತಿ ಕಟ್ಟಿ ಇಳಿದು, ಚಪ್ಪಲಿ ಕಿತ್ತು, ಹೊಳೆಯಲ್ಲಿ ತೊಳೆದು ನನ್ನ ಕಾಲ ಮುಂದಿಟ್ಟರು. ನಗಲಿಲ್ಲ, ಮಾತೂ ಆಡಲಿಲ್ಲ. ಅವರ ಜೊತೆಗೆ ಬಂದಿದ್ದ ಹೆಂಗಸು ಮೂವತ್ತರ ಆಸುಪಾಸಿನವಳು, ಚುರುಕಾಗಿದ್ದಳು.

“ಬನ್ನಿ ಟೀಚರೇ. ನಾನು ಜಾನಕಿ. ವರ್ಗೀಸ್ ಸಾರ್ ಜೀಪ್ ಕಳ್ಸವ್ರೆ,” ಎಂದಳು. ಆಮೇಲೆ ನನ್ನ ಪೆಟ್ಟಿಗೆಯತ್ತ ನೋಡಿ, “ಈ ಪೆಟ್ಟಿಗೆ ಜೀಪಿಗೆ ಹೋಗ್ಬೇಕಿತ್ತು,” ಎಂದಳು.

ಪೆಟ್ಟಿಗೆಯ ಜೊತೆ ಮಾತಾಡುವ ಹೆಂಗಸನ್ನು ನಾನು ಅದೇ ಮೊದಲು ಕಂಡದ್ದು. ಪೆಟ್ಟಿಗೆ ಅಲುಗಲಿಲ್ಲ. ಮುದುಕರು ಬಂದು ಅದನ್ನೆತ್ತಿ ಹೆಗಲಿಗೇರಿಸಿಕೊಂಡು ನಡೆದರು. ಬಿಸಿಲಿಗೆ ಹೀಗೂ ಆಗುತ್ತದೇನೋ ಎಂದುಕೊಂಡು ನಾನೂ ಹಿಂದೆ ಹೋದೆ.

ಕಾಫಿ ಕಣದಲ್ಲಿ ಪಾಠ

ಪಾಠ ನಡೆದದ್ದು ಕಾಫಿ ಒಣಗಿಸುವ ಕಣದಲ್ಲಿ. ಮೊದಲ ದಿನ ನಾನು ನಗುವುದನ್ನು ಕಲಿಸಿದೆ. ಅತಿಥಿ ಏನೇ ಹೇಳಲಿ, ಮೊದಲು ಮುಖದಲ್ಲಿ ನಗು ಇರಬೇಕು ಎಂದೆ. ಅಂದು ಮಧ್ಯಾಹ್ನವೇ ಅತಿಥಿಯೊಬ್ಬರು ತೋಟ ಸುತ್ತಿ ಬಂದು, ಕಾಲಿಗೆ ಜಿಗಣೆ ಹತ್ತಿದೆ, ರಕ್ತ ನಿಲ್ಲುತ್ತಿಲ್ಲ ಎಂದು ಕೂಗಿಕೊಂಡರು. ಮೂರು ಜನ ಓಡಿ ಬಂದು ಅವರೆದುರು ಸಾಲಾಗಿ ನಿಂತು ನಕ್ಕರು. ಅಪ್ಪಟ ನಾನು ಕಲಿಸಿದ ನಗು. ಎರಡನೇ ದಿನದ ಪಾಠವನ್ನು ಯಾವಾಗ ನಗಬಾರದು ಎಂಬುದಕ್ಕೆ ಮೀಸಲಿಡಬೇಕಾಯಿತು.

ನನ್ನದೂ ಪಜೀತಿ ಕಡಿಮೆಯೇನಲ್ಲ. ಮೊದಲ ಊಟದಲ್ಲಿ ಗುಲಾಬಿ ಬಣ್ಣದ ನೀರು ನೋಡಿ, ಲೋಟ ಸರಿಯಾಗಿ ತೊಳೆದಿಲ್ಲ ಎಂದು ಅಡುಗೆಯವನಿಗೆ ಒಂದು ಪಾಠವನ್ನೇ ಮಾಡಿಬಿಟ್ಟೆ. ಅವನು ಲೋಟ ಬದಲಿಸಿ ಅದೇ ನೀರು ತಂದಿಟ್ಟ. ನಾನು ಮತ್ತೆ ಕಳಿಸಿದೆ, ಅವನು ಮತ್ತೆ ತಂದ. ಕೊನೆಗೆ ಜಾನಕಿ ಒಂದು ಮರದ ಚಕ್ಕೆ ತಂದು ತೋರಿಸಿ, ಇಲ್ಲಿ ಇದನ್ನು ಹಾಕಿಯೇ ನೀರು ಕಾಯಿಸುತ್ತಾರೆ ಎಂದಳು. ಅಡುಗೆಯವನು ಅಷ್ಟೂ ಹೊತ್ತು ನಗುತ್ತಲೇ ಇದ್ದ.

ಮೂರನೇ ಪಾಠ ಬೆಳಗಿನ ಹಾಜರಿಯದು. ದೊಡ್ಡ ಹೋಟೆಲುಗಳಲ್ಲಿ ದಿನ ಶುರುವಾಗುವುದೇ ಅದರಿಂದ. ಎಲ್ಲರೂ ಸಾಲಾಗಿ ನಿಲ್ಲಬೇಕು, ಮೇಲ್ವಿಚಾರಣೆಯವರು ಒಬ್ಬೊಬ್ಬರ ಹೆಸರು ಕರೆದು, ಮುಖ ನೋಡಿ, ಆ ದಿನದ ಕೆಲಸ ಹೇಳಬೇಕು. ಸೂಪರ್‌ವೈಸರ್ ಕೆಲಸಕ್ಕೆ ವರ್ಗೀಸ್ ಸದ್ಯಕ್ಕೆ ಜಾನಕಿಯನ್ನು ಪರೀಕ್ಷೆಗಿಟ್ಟಿದ್ದ. ಅವಳೇ ಮುಂದೆ ನಿಂತು ಕರೆದಳು. ಗಂಟಲು ಚೆನ್ನಾಗಿತ್ತು, ಕೆಲಸ ಹಂಚಿದ್ದೂ ಸರಿಯಾಗಿತ್ತು. ಸಾಲಿನ ಕೊನೆಯಲ್ಲಿ ನನ್ನ ಚಪ್ಪಲಿ ತೊಳೆದ ಮುದುಕರಿದ್ದರು. ಅಲ್ಲಿಗೆ ಬಂದವಳೇ ಅವಳು ಮುಖ ಎತ್ತಿ, ಮರಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿಗೆ, “ಹಂಡೆಗೆ ಬೆಂಕಿ ಬೀಳ್ಬೇಕು,” ಎಂದಳು. ಮುದುಕರು ಹೊರಟುಹೋದರು.

“ಯಾರಿಗೆ ಹೇಳಿದೆ ಅದನ್ನ?” ಎಂದೆ.

“ಅವ್ರಿಗೇ ಟೀಚರೇ.”

“ಹಾಗಾದರೆ ಹೆಸರು ಕರಿ.”

“ಆಗಕಿಲ್ಲ. ಅವ್ರು ನಮ್ಮ ಮಾವ. ನನ್ನ ಗಂಡನ ಅಪ್ಪ. ಹೆಸ್ರು ಹೇಳಂಗಿಲ್ಲ, ಎದುರು ನಿಂತ್ಕಂಡು ಮಾತಾಡಂಗಿಲ್ಲ. ನಮ್ಮನೇಲಿ ಹಂಗೇ ಬಂದದೆ.”

ಮುದುಕರ ಹೆಸರು ಬೊಮ್ಮಯ್ಯ ಎಂದು ಪಕ್ಕದಲ್ಲಿದ್ದವರು ಹೇಳಿದರು. ಜಾನಕಿ ಬೈರಕುಪ್ಪೆಯ ಹುಡುಗಿ, ಹೊಳೆ ದಾಟಿ ಮರಕ್ಕಡವಿಗೆ ಸೊಸೆಯಾಗಿ ಬಂದವಳು. ಮಗಳು ಆಗಲೇ ಶಾಲೆಗೆ ಹೋಗುತ್ತಾಳೆ. ಅಷ್ಟೂ ವರ್ಷ ಮಾವನ ಜೊತೆ ಒಂದು ಮಾತೂ ಆಡಿಲ್ಲವೇ ಎಂದು ಕೇಳಿದೆ.

“ಆಡ್ದೆ ಇರಕ್ಕಾದದಾ? ನಾನು ಗೋಡೆಗೆ ಹೇಳ್ತೀನಿ, ಅವ್ರು ಕೇಳಿಸ್ಕತಾರೆ. ಅವ್ರು ಬಾಗ್ಲಿಗೆ ಹೇಳ್ತಾರೆ, ನಾನು ಕೇಳಿಸ್ಕತೀನಿ. ಸಂಸಾರ ನಡೀತದೆ,” ಎಂದಳು. “ಬೇರೆ ಮನೆಗಳಲ್ಲಿ ಬುಟ್ಟವ್ರೆ. ನಮ್ಮನೇಲಿ ಬುಟ್ಟಿಲ್ಲ.”

ನನಗೆ ಇದರಲ್ಲಿ ಅಂಥ ಆಶ್ಚರ್ಯವೇನೂ ಆಗಲಿಲ್ಲ. ಮೈಸೂರಿನ ನಮ್ಮ ವಠಾರದಲ್ಲಿ ನನ್ನಮ್ಮ ಅಪ್ಪನನ್ನು ಕರೆಯಲು ಬಳೆ ಕುಲುಕಿಸುತ್ತಿದ್ದಳು, ಇಲ್ಲವೇ ನನ್ನ ಹೆಸರು ಹಿಡಿದು ಕೂಗುತ್ತಿದ್ದಳು. ಎಷ್ಟೋ ಸಲ ನಾನು ಆಟ ಬಿಟ್ಟು ಓಡಿ ಬಂದಿದ್ದೇನೆ. ಆದರೆ ಅಮ್ಮ ಹೋಟೆಲು ನಡೆಸುತ್ತಿರಲಿಲ್ಲ.

ಸಂಜೆ ಚಹಾ ಕುಡಿಯುವಾಗ ವರ್ಗೀಸ್ ನೇರವಾಗಿ ವಿಷಯಕ್ಕೆ ಬಂದ. “ಜಾನಕಿ ಒಳ್ಳೇ ಹುಡುಗಿ, ಎಲ್ಲಾ ಶರಿ. ಆದ್ರೆ ಬಳ್ಳಿಗೆ ಆರ್ಡರ್ ಕೊಡೋ ಸೂಪರ್‌ವೈಸರನ್ನ ನಾನು ಹೇಗೆ ಇಡೋದು, ನೀವೇ ಹೇಳಿ. ಕಲ್ಲಿಕೋಟೆಯಲ್ಲಿ ಒಬ್ಬ ಡಿಪ್ಲೊಮಾ ಮಾಡಿದ ಹುಡುಗ ಇದ್ದಾನೆ, ಕರೆದರೆ ಬರ್ತಾನೆ. ಭಾನುವಾರದ ತನಕ ನೋಡಿ. ನೀವು ಯಾರು ಅಂತೀರೋ ಅವರು.”

ಅಷ್ಟು ದೂರದಿಂದ ಬಂದದ್ದು ನಗು ಕಲಿಸಲು ಎಂದು ತಿಳಿದಿದ್ದ ನನಗೆ ಈ ಉಸಾಬರಿ ಬೇಕಿರಲಿಲ್ಲ.

ಪುಲ್ಪಳ್ಳಿ ಪೇಟೆ

ಸೋಪು, ಫಿನಾಯಿಲು ತರಲು ಜಾನಕಿಯ ಜೊತೆ ಪುಲ್ಪಳ್ಳಿಗೆ ಹೋದೆ. ಇಲ್ಲಿಯವರು ಥ್ಯಾಂಕ್ಸ್ ಹೇಳಿದ್ದನ್ನು ನಾನು ಕಾಣಲಿಲ್ಲ. ಸಾಮಾನು ಕೊಟ್ಟವನೂ ತೆಗೆದುಕೊಂಡವನೂ ತಲೆ ಒಂದಿಷ್ಟು ವಾಲಿಸುತ್ತಾರೆ, ವ್ಯವಹಾರ ಮುಗಿಯಿತು. ಮೈಸೂರಿನಲ್ಲಾದರೆ ಅಂಗಡಿಯವನಿಗೆ ನಮ್ಮ ಮಂಡಿನೋವಿನಿಂದ ಹಿಡಿದು ಎಲ್ಲ ಹೇಳಿಯೇ ಮೆಟ್ಟಿಲಿಳಿಯುವುದು. ಇಲ್ಲಿ ಮಾತು ಉಳಿತಾಯ. ಆದರೆ ಚಹಾ ಅಂಗಡಿಯಲ್ಲಿ ಕೂತು ಪೇಪರು ಓದುವವರ ನಡುವೆ ಒಂದು ಸುದ್ದಿ ಬಿದ್ದರೆ ಸಾಕು, ಉಳಿಸಿದ್ದನ್ನೆಲ್ಲ ಅಲ್ಲಿ ಖರ್ಚು ಮಾಡುತ್ತಾರೆ.

ಜಾನಕಿ ಅಂಗಡಿಯವನ ಹತ್ತಿರ ಮಲಯಾಳದಲ್ಲಿ ಚೌಕಾಸಿ ಮಾಡಿ, ಅದೇ ಉಸಿರಿನಲ್ಲಿ ನನಗೆ ಕನ್ನಡದಲ್ಲಿ, ಇವನು ಕೊಡ್ತಾನೆ ತಡೀರಿ ಎನ್ನುತ್ತಿದ್ದಳು. ಬಸ್ಸಿಗೆ ಕಾಯುವಾಗ ಕೇಳಿದೆ, ಈ ಕೆಲಸ ನಿಜಕ್ಕೂ ಬೇಕಾ ಅಂತ.

“ಬೇಕು ಟೀಚರೇ. ರೂಮು ಗುಡ್ಸೋಕೆ ನಂಗೇನು ಬೇಜಾರಿಲ್ಲ. ಆದ್ರೆ ಹೊರಗ್ನಿಂದ ಒಬ್ರು ಬತ್ತಾರೆ, ಮೇಲ್ಗಡೆ ಕೂತ್ಕತಾರೆ, ನಂಗೇ ಗುಡ್ಸೋದು ಕಲಿಸ್ತಾರೆ. ಮಳೆಗಾಲ ಬಂದೇಟ್ಗೆ ಇಲ್ಲಿರಕ್ಕಾಗಕಿಲ್ಲ ಅಂತ ಓಡೋಯ್ತಾರೆ. ಆಮೇಲೆ ಇನ್ನೊಬ್ರು ಬತ್ತಾರೆ. ನಾನಂತೂ ಓಡೋಗಳಲ್ಲ.”

“ಹಾಗಿದ್ದರೆ ಮಾವನಿಗೆ ಎದುರಿಗೇ ಹೇಳು. ಕೆಲಸದ ಜಾಗ ಬೇರೆ, ಮನೆ ಬೇರೆ.”

ಅವಳು ಫಿನಾಯಿಲಿನ ಚೀಲ ಕೆಳಗಿಟ್ಟಳು. “ನಂಗೆ ಕೆಲ್ಸ ಸಿಕ್ಕಿದ್ದೇ ಅವ್ರಿಂದ ಟೀಚರೇ. ನಾನು ರಿಸಾರ್ಟಿಗೆ ಹೋಯ್ತೀನಿ ಅಂದಾಗ ನನ್ನ ಗಂಡ ಬೇಡ್ವೇ ಬೇಡ ಅಂದ. ಊರೋರು ಏನಂತಾರೆ ಅಂದ. ಮಾವ ಜಗಲೀಲಿ ಕೂತಿದ್ರು. ಬಾಗ್ಲಿನ ಕಡೆ ತಿರುಗಿ, ‘ಹೋಗೋರು ಹೋಗ್ಲಿ, ಜೊತೇಲಿ ನಾನೂ ಹೋಗ್ತೀನಿ’ ಅಂದ್ರು. ಅವತ್ತಿಂದ ಹಂಡೆ ಕೆಲ್ಸಕ್ಕೆ ಬತ್ತಾವ್ರೆ. ಅಂಥೋರ್ಗೆ ಎದುರು ನಿಂತ್ಕಂಡು, ಅದು ಮಾಡಿ ಇದು ಮಾಡಿ ಅಂತ ಹೆಂಗೇಳ್ಲಿ?”

ಅಷ್ಟರಲ್ಲಿ ಬಸ್ಸು ಬಂತು, ಹತ್ತಿದೆವು.

ಶನಿವಾರ, ಊಟದ ಕೋಣೆ

ಶುಕ್ರವಾರ ಸಂಜೆ ಬೆಂಗಳೂರಿನ ಕಾರುಗಳು ಬಂದವು. ಕಾಡಿಗೆ ಬಂದವರು ಮೊದಲು ಕೇಳುವುದು ವೈಫೈ. ಆಮೇಲೆ ಚಾರ್ಜರಿಗೆ ಇನ್ನೊಂದು ಪಾಯಿಂಟು. ಒಬ್ಬರು, ಜೀರುಂಡೆ ಸದ್ದು ಸ್ವಲ್ಪ ಕಡಿಮೆ ಮಾಡಿಸಲಾಗುತ್ತದೆಯೇ ಎಂದು ವಿಚಾರಿಸಿದರು. ನಾಲ್ಕನೇ ಕಾಟೇಜಿನ ಹೆಂಗಸು ಮನೆಯಿಂದ ತಂದ ಚಟ್ನಿಪುಡಿ ಡಬ್ಬಿಯನ್ನು ಅಡುಗೆಯವನಿಗೇ ತೋರಿಸಿ, ನಿಮಗೂ ಬೇಕಾದರೆ ಹಾಕಿಕೊಳ್ಳಿ ಎಂದರು. ನಮ್ಮವರು ಎಲ್ಲಿಗೆ ಹೋದರೂ ಊರನ್ನು ಡಬ್ಬಿಯಲ್ಲಿ ಒಯ್ಯುತ್ತಾರೆ. ಅದಕ್ಕೆ ನಾನೂ ಹೊರತಲ್ಲ, ನನ್ನ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ ಇತ್ತು.

ಈ ರಿಸಾರ್ಟಿನ ದೊಡ್ಡ ಆಕರ್ಷಣೆ ಹಂಡೆ ನೀರು. ಹಿತ್ತಲಿನ ಮಣ್ಣು ಗೋಡೆಯ ಹಿಂದೆ ಸೌದೆ ಒಲೆಯ ಮೇಲೆ ಎರಡು ದೊಡ್ಡ ತಾಮ್ರದ ಹಂಡೆ. ಬೊಮ್ಮಯ್ಯ ಅದಕ್ಕೆ ಉರಿ ಹಾಕಿ, ಕಾಟೇಜು ಕಾಟೇಜಿಗೆ ಬಕೆಟ್ಟಿನಲ್ಲಿ ಬಿಸಿನೀರು ಒಯ್ದು ಕೊಡುತ್ತಾರೆ. ಮನೆಯಲ್ಲಿ ಗೀಸರ್ ಇರುವವರಿಗೆ ಇದು ದೊಡ್ಡ ಸೋಜಿಗ, ಹಂಡೆಯ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ.

ಶನಿವಾರ ಬೆಳಿಗ್ಗೆ ನಾನು ಹಿತ್ತಲಿನ ಜಗಲಿಯಲ್ಲಿ ಹಾಲಿಲ್ಲದ ಚಹಾ ಹಿಡಿದು ಕೂತಿದ್ದೆ. ಜಾನಕಿ ಎರಡು ಕೈಯಲ್ಲಿ ತಿಂಡಿಯ ತಟ್ಟೆ ಹಿಡಿದು ಓಡುತ್ತಾ ಬಂದವಳು ಮಣ್ಣು ಗೋಡೆಗೆ, “ನಾಕನೇ ಕಾಟೇಜಿಗೆ ಇನ್ನೊಂದು ಬಕೆಟ್ ಬೇಕಂತೆ, ಬೇಗ,” ಎಂದು ಹೇಳಿ ಹಾಗೇ ಓಡಿದಳು. ದಿನವೂ ನೋಡಿ ನನಗೆ ರೂಢಿಯಾಗಿತ್ತು. ಆದರೆ ಆಗ ಗೋಡೆಯ ಹಿಂದೆ ಬೊಮ್ಮಯ್ಯ ಇರಲಿಲ್ಲ. ಸೌದೆ ಮುಗಿದಿತ್ತೆಂದು ತೋಟದ ಕೆಳಗಿನ ಶೆಡ್ಡಿಗೆ ಹೋಗಿದ್ದರು. ಅವಳು ಹೇಳಿದ್ದನ್ನು ಗೋಡೆ ಒಂದೇ ಕೇಳಿಸಿಕೊಂಡಿತು.

ಸ್ವಲ್ಪ ಹೊತ್ತಿಗೆ ನಾಲ್ಕನೇ ಕಾಟೇಜಿನ ಗೃಹಸ್ಥರು ಊಟದ ಕೋಣೆಗೆ ನಡೆದು ಬಂದರು. ಸೊಂಟಕ್ಕೆ ರಿಸಾರ್ಟಿನ ದೊಡ್ಡ ಟವೆಲು, ಹೆಗಲಿಗೆ ಮುಖ ಒರೆಸುವ ಟವೆಲು, ತಲೆಯ ತುಂಬ ಒಣಗುತ್ತಿರುವ ಶಾಂಪೂ ನೊರೆ. ತಿಂಡಿ ತಿನ್ನುತ್ತಿದ್ದವರೆಲ್ಲ ಚಮಚ ಕೆಳಗಿಟ್ಟರು.

“ಯಾರ್ರೀ ಇಲ್ಲಿ ಇನ್‌ಚಾರ್ಜು?”

“ನಾನೇ ಸಾರ್,” ಎಂದಳು ಜಾನಕಿ. ನಗಲಿಲ್ಲ. ಎರಡನೇ ದಿನದ ಪಾಠ ಚೆನ್ನಾಗಿಯೇ ತಲೆಗೆ ಹೋಗಿತ್ತು. “ತಪ್ಪಾಯ್ತು ಸಾರ್. ಈಗ್ಲೇ ನೀರು ತರಿಸ್ತೀನಿ.”

“ತಪ್ಪಾಯ್ತು ಅಂದ್ರೆ ಯಾರದು ತಪ್ಪು? ಅರ್ಧ ಸ್ನಾನದಲ್ಲಿ ನಿಂತಿದ್ದೀನಿ. ನಿಮ್ಮದಾ, ನೀರು ತರೋ ಆ ಮುದುಕಂದಾ? ಕರೀರಿ ಅವನನ್ನ. ನನ್ನೆದುರಿಗೇ ಕೇಳಿ.”

ಅವರನ್ನು ಪೂರ್ತಿ ದೂರಲಾರೆ. ಕಣ್ಣಿಗೆ ಶಾಂಪೂ ಇಳಿಯುತ್ತಿತ್ತು. ವರ್ಗೀಸ್ ಕೌಂಟರಿನ ಹತ್ತಿರ ನಿಂತು ನೋಡುತ್ತಿದ್ದ. ಯಾರೋ ಓಡಿ ಹೋಗಿ ಹೇಳಿರಬೇಕು, ಬೊಮ್ಮಯ್ಯ ಬಿಸಿನೀರಿನ ಬಕೆಟ್ಟು ಹಿಡಿದು ಬಾಗಿಲಲ್ಲಿ ಬಂದು ನಿಂತರು. ಸೌದೆ ಶೆಡ್ಡಿನ ಚಕ್ಕೆಪುಡಿ ಅವರ ಹೆಗಲ ಟವೆಲಿಗೆ ಇನ್ನೂ ಅಂಟಿತ್ತು. ಒಳಗಿನ ಮಾತು ಅವರ ಕಿವಿಗೂ ಬಿದ್ದಿತ್ತು.

“ನಿಮಗೆ ಹೇಳಿದ್ರೋ ಇಲ್ವೋ?” ಎಂದರು ಅತಿಥಿ.

ಬೊಮ್ಮಯ್ಯ ಒಂದು ಗಳಿಗೆ ನೆಲ ನೋಡಿದರು. “ಹೇಳಿದ್ರು ಸಾರೇ. ನಾನೇ ಮರ್ತೋದೆ. ವಯಸ್ಸಾಯ್ತಲ್ಲ.”

ಅತಿಥಿ ವರ್ಗೀಸನ ಕಡೆ ತಿರುಗಿದರು. “ಇಂಥವರನ್ನ ಯಾಕ್ರೀ ಇಟ್ಕೊಂಡಿದೀರಾ? ಮನೆಗೆ ಕಳಿಸಿ.”

“ಶರಿ ಸಾರ್. ನಾನು ನೋಡ್ತೇನೆ,” ಎಂದ ವರ್ಗೀಸ್.

ಊಟದ ಕೋಣೆಯಲ್ಲಿ ಇದು ಸುಳ್ಳೆಂದು ಗೊತ್ತಿದ್ದವರು ಮೂರೇ ಜನ: ಹೇಳಿದ ಮುದುಕರು, ಅವರ ಟವೆಲು ನೋಡಿದ ಜಾನಕಿ, ಮತ್ತು ನಾನು. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಅವಳದು, ಹೋಗುವುದು ಮುದುಕರ ಕೆಲಸ. ಸುಮ್ಮನಿರು ಮಾರಾಯ್ತಿ, ಅವರೇ ದಾರಿ ಮಾಡಿಕೊಟ್ಟಿದ್ದಾರೆ ಎಂದು ನನ್ನ ಮನಸ್ಸು ಹೇಳುತ್ತಿತ್ತು. ಬಾಯಿ ಬಿಟ್ಟರೆ, ಗೋಡೆಗೆ ಕೆಲಸ ಹೇಳಿದೆ ಎಂದು ಎಲ್ಲರೆದುರು ಒಪ್ಪಿಕೊಳ್ಳಬೇಕು.

ಜಾನಕಿ ಕೈಯಲ್ಲಿದ್ದ ತಟ್ಟೆ ಮೇಜಿನ ಮೇಲಿಟ್ಟಳು. ನಾಲ್ಕು ಹೆಜ್ಜೆ ನಡೆದು ಬೊಮ್ಮಯ್ಯನವರ ಎದುರಿಗೇ ಹೋಗಿ ನಿಂತಳು.

“ಮಾವ, ಸುಳ್ಳು ಹೇಳ್ಬೇಡಿ.”

ಮುದುಕರು ಬಕೆಟ್ಟು ಕೆಳಗಿಟ್ಟರು. ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅವರ ಮುಖ ನೋಡಲು ನನಗೆ ಕಷ್ಟವಾಯಿತು.

“ಸಾರ್,” ಎಂದಳು ಅವಳು ಅತಿಥಿಯತ್ತ ತಿರುಗಿ. “ಇವ್ರಿಗೆ ನಾನು ಹೇಳೇ ಇಲ್ಲ. ಗೋಡೆಗೆ ಹೇಳ್ದೆ. ಇವ್ರು ನಮ್ಮ ಮಾವ, ಎದುರು ಮಾತಾಡಂಗಿಲ್ಲ. ಗೋಡೆ ಹಿಂದೆ ಅವ್ರೆ ಅಂದ್ಕಂಡೆ, ಬಗ್ಗಿ ನೋಡ್ಲಿಲ್ಲ. ಬೈಯೋದಾದ್ರೆ ನಂಗೆ ಬೈರಿ.”

“ಗೋಡೆಗಾ?” ಎಂದರು ಅತಿಥಿ. ಬೈಯಲು ಇಟ್ಟುಕೊಂಡಿದ್ದ ಮಾತೆಲ್ಲ ಅವರಿಗೆ ಮರೆತುಹೋದಂತಿತ್ತು.

ಚಟ್ನಿಪುಡಿಯ ಹೆಂಗಸು ಅವರ ಹೆಂಡತಿ. ಮೂಲೆಯ ಮೇಜಿನಿಂದ ಎದ್ದು ಬಂದರು. “ನಮ್ಮಜ್ಜಿನೂ ಹೀಗೇ ಮಾಡ್ತಿದ್ರು. ತಾತನಿಗೆ ಊಟಕ್ಕೆ ಏಳಿ ಅನ್ನೋದನ್ನ ಬೆಕ್ಕಿಗೆ ಹೇಳೋರು. ನೀವು ಮೊದ್ಲು ತಲೆ ತೊಳ್ಕೊಳ್ಳಿ ನಡೀರಿ, ಎಲ್ಲಾರೂ ನೋಡ್ತಿದಾರೆ.”

ಗೃಹಸ್ಥರು ಆಗ ತಮ್ಮ ಅವತಾರ ನೋಡಿಕೊಂಡರು. ಬಕೆಟ್ಟನ್ನು ತಾವೇ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಟವೆಲು ಬಿಗಿ ಹಿಡಿದು ಕಾಟೇಜಿನ ಕಡೆ ನಡೆದರು. ಇಷ್ಟು ವರ್ಷದಲ್ಲಿ ನೀರು ತಾನೇ ಹೊತ್ತ ಅತಿಥಿಯನ್ನು ನಾನು ಕಂಡದ್ದು ಅವರೊಬ್ಬರನ್ನೇ. ಬೊಮ್ಮಯ್ಯ ತಿಂಡಿ ತಿನ್ನಲಿಲ್ಲ. ತೋಟದ ಕಾಲುದಾರಿ ಹಿಡಿದು ಮನೆಗೆ ಹೊರಟುಹೋದರು.

ಜಾನಕಿ ಬಡಿಸುವುದನ್ನು ಪೂರ್ತಿ ಮುಗಿಸಿ, ಆಮೇಲೆ ಪಾತ್ರೆ ಕೋಣೆಯಲ್ಲಿ ಕೂತು ಅತ್ತಳು. “ಮೊದಲ್ನೇ ಸಲ ಎದುರಿಗೆ ನಿಂತು ಮಾತಾಡ್ದೆ ಟೀಚರೇ. ಅದ್ರಲ್ಲೂ ಸುಳ್ಳ ಅಂದ್ಬುಟ್ಟೆ. ಅವ್ರು ನಂಗೋಸ್ಕರ ಹೇಳಿದ್ರು. ಇನ್ನ ಮನೇಲಿ ಹೆಂಗೆ ಮುಖ ತೋರ್ಸ್ಲಿ?” ಕೆಲಸದ ಮಾತನ್ನು ಅವಳು ಎತ್ತಲೇ ಇಲ್ಲ. ನನಗೆ ಬಹಳ ಸಂಕಟವಾಯಿತು. ಬೆನ್ನ ಮೇಲೆ ಕೈಯಿಟ್ಟು ಕೂತೆ.

ಮಧ್ಯಾಹ್ನ ವರ್ಗೀಸ್ ನನ್ನ ಮುಂದೆ ಕುರ್ಚಿ ಎಳೆದುಕೊಂಡ. “ಈಗ ಏನು ಹೇಳ್ತೀರಿ? ಕಲ್ಲಿಕೋಟೆಗೆ ಫೋನ್ ಮಾಡಲಾ?”

“ಮಾಡು. ಡಿಪ್ಲೊಮಾದವನು ಬಂದರೆ ಬೇರೆಯವರ ತಪ್ಪನ್ನ ಬಹಳ ಚೆನ್ನಾಗಿ ಹೇಳ್ತಾನೆ,” ಎಂದೆ. “ತನ್ನದನ್ನ ಹೇಳೋರು ಬೇಕಿದ್ದರೆ ಇವಳನ್ನ ಇಟ್ಟುಕೋ.”

“ಆಮೇಲೆ ಆ ಮುದುಕ? ನಾಳೆ ಬರ್ತಾರಾ?”

ಅದು ನನಗೆ ಗೊತ್ತಿರಲಿಲ್ಲ. ವರ್ಗೀಸ್ ಫೋನು ಮಾಡಲಿಲ್ಲ.

ಹೊರಡುವ ಬೆಳಿಗ್ಗೆ

ಭಾನುವಾರ ನಾನು ಪೆಟ್ಟಿಗೆ ಕಟ್ಟಿ ಕಣಕ್ಕೆ ಬಂದಾಗ ಹಾಜರಿಗೆ ಎಲ್ಲರೂ ಸೇರಿದ್ದರು. ಹಂಡೆಗೆ ಬೆಂಕಿ ಹಾಕಿದವಳು ಜಾನಕಿಯೇ ಎಂಬುದು ಅವಳ ಕೆನ್ನೆಯ ಬೂದಿಯಿಂದ ಗೊತ್ತಾಗುತ್ತಿತ್ತು. ರಾತ್ರಿ ಮಾವ ಗೋಡೆಗೂ ಬಾಗಿಲಿಗೂ ಏನೂ ಹೇಳಲಿಲ್ಲವಂತೆ. ಬೆಳಿಗ್ಗೆ ಅವಳು ಏಳುವ ಮೊದಲೇ ಎದ್ದು ಹೋಗಿದ್ದರಂತೆ. ಎಲ್ಲಿಗೆಂದು ಗಂಡನಿಗೂ ತಿಳಿಯದು.

ವರ್ಗೀಸ್ ಮುಂದೆ ಬಂದು, ಇವತ್ತಿನಿಂದ ಜಾನಕಿಯೇ ಸೂಪರ್‌ವೈಸರ್, ಪರೀಕ್ಷೆ ಮುಗಿಯಿತು ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟು ಆಸೆಪಟ್ಟ ಕೆಲಸ ಸಿಕ್ಕಿತ್ತು, ಆದರೆ ಅವಳು ಗೇಟಿನ ಕಡೆಗೇ ನೋಡುತ್ತಿದ್ದಳು. ಕೊನೆಗೆ ಗಂಟಲು ಸರಿಮಾಡಿಕೊಂಡು ಹೆಸರು ಕರೆಯಲು ಶುರುಮಾಡಿದಳು.

ಅರ್ಧ ಸಾಲು ಮುಗಿದಿತ್ತು. ಆಗ ಗೇಟಿನಿಂದ ಬೊಮ್ಮಯ್ಯ ಬಂದರು. ದಿನವೂ ಬನಿಯನ್ನಿನಲ್ಲೇ ಇರುತ್ತಿದ್ದವರು ಅಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡಿದ್ದರು. ಗಡ್ಡ ಹೆರೆಸಿಕೊಂಡಿದ್ದರು. ಸೀದಾ ಬಂದು ಸಾಲಿನ ನಡುವೆ ಇದ್ದ ಖಾಲಿ ಜಾಗದಲ್ಲಿ ನಿಂತರು.

ಜಾನಕಿ ಅವರ ಎದುರಿಗೆ ಬಂದು ನಿಂತಳು. ಬಾಯಿ ತೆರೆದಳು, ಮಾತು ಬರಲಿಲ್ಲ. ‘ಮಾವ’ ಎಂದರೆ ಹಾಜರಿಯಲ್ಲ, ಹೆಸರು ಹಿಡಿದರೆ ಸೊಸೆಯಲ್ಲ.

ಮುದುಕರು ಅವಳ ಮುಖವನ್ನು ನೇರವಾಗಿ ನೋಡಿದರು.

“ಬೊಮ್ಮಯ್ಯ,” ಎಂದರು, ತಮ್ಮ ಹೆಸರನ್ನು ತಾವೇ. “ಹಂಡೆ ಕೆಲ್ಸ. ಬಂದಿವ್ನಿ ಕಣವ್ವ. ಇವತ್ತು ಏನ್ ಮಾಡ್ಬೇಕು, ಹೇಳು.”

ಅವಳು ಕೆನ್ನೆಯ ಬೂದಿಯನ್ನು ಕೈಯಲ್ಲಿ ಒರೆಸಿಕೊಂಡಳು.

“ನಾಕನೇ ಕಾಟೇಜಿಗೆ ಎಲ್ಡು ಬಕೆಟ್ ಮಾವ.”

“ಆಯ್ತು,” ಎಂದು ಬೊಮ್ಮಯ್ಯ ಅಂಗಿಯ ತೋಳು ಮಡಚಿಕೊಳ್ಳುತ್ತಾ ಹಿತ್ತಲಿಗೆ ಹೊರಟರು. ಮುಂದಿನ ಹೆಸರು ಕರೆಯಲು ಜಾನಕಿಗೆ ಬಹಳ ಹೊತ್ತು ಹಿಡಿಯಿತು. ಸಾಲಿನಲ್ಲಿದ್ದವರು ಕಾದರು.